ಗೇಟ್ ಪರೀಕ್ಷೆ: ಕೊಪ್ಪಳದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಡವಾಗುವುದು ಎಲ್ಲಿ?

ಕೊಪ್ಪಳ: ಈ ಜಿಲ್ಲೆಯಲ್ಲಿ ‘ಗೇಟ್’ ಅಂದ್ರೆ ಮೊದಲು ನೆನಪಾಗುವುದು ಮುನಿರಾಬಾದ್‌ ಡ್ಯಾಂ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿ ಹೋದದ್ದನ್ನು ಗಂಗಾವತಿ, ಕಾರಟಗಿ ಭಾಗದ ರೈತರು ಇನ್ನೂ ಮರೆತಿಲ್ಲ. ಆದರೆ ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಚರ್ಚೆಯಾಗಬೇಕಾದ ಇನ್ನೊಂದು ಗೇಟ್ ಇದೆ. ಅದು ಎಂ.ಟೆಕ್ ಪ್ರವೇಶಕ್ಕೆ ದೇಶಮಟ್ಟದಲ್ಲಿ ನಡೆಯುವ ಗೇಟ್ ಪರೀಕ್ಷೆ. ಸೀಟಿನ ಜೊತೆಗೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ ತಂದುಕೊಡುವ ಈ ಪರೀಕ್ಷೆ ನಮ್ಮ ಭಾಗದ ಎಷ್ಟೋ ವಿದ್ಯಾರ್ಥಿಗಳ ಗಮನಕ್ಕೆ ಬರುವುದು ಎಂಟನೇ ಸೆಮಿಸ್ಟರ್‌ನಲ್ಲಿ. ಅಷ್ಟೊತ್ತಿಗೆ ಆ ವರ್ಷದ ಅರ್ಜಿ ಮುಗಿದು, ಪರೀಕ್ಷೆಯೂ ಮುಗಿದಿರುತ್ತದೆ.

ಆಮೇಲೆ ಉಳಿಯುವುದು ರಾಜ್ಯದ ಪಿಜಿಸಿಇಟಿ ಮಾತ್ರ. ಅದೂ ಒಳ್ಳೆಯ ದಾರಿಯೇ. ಆದರೆ ಎರಡೂ ದಾರಿಗಳ ಅರ್ಹತೆ ಬೇರೆ, ಕೇಳುವ ಪ್ರಮಾಣಪತ್ರ ಬೇರೆ, ಕೈಗೆ ಸಿಗುವ ಲಾಭವೂ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಓದಿನಲ್ಲಿ ಮುಂದಿರುವ ವಿದ್ಯಾರ್ಥಿಯೂ ಹಿಂದೆ ಬೀಳುತ್ತಾನೆ.

ಯಾರು ಬರೆಯಬಹುದು?

ಗೇಟ್ ಪರೀಕ್ಷೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಏಳು ಐಐಟಿಗಳು ಸೇರಿ ನಡೆಸುತ್ತವೆ. ಪ್ರತಿ ವರ್ಷ ಒಂದು ಸಂಸ್ಥೆ ಹೊಣೆ ಹೊರುತ್ತದೆ. 2026ರ ಪರೀಕ್ಷೆಯ ಹೊಣೆ ಐಐಟಿ ಗುವಾಹಟಿಯದ್ದು. ಫೆಬ್ರವರಿ 7, 8, 14 ಮತ್ತು 15ರಂದು ನಡೆದ ಆ ಪರೀಕ್ಷೆಗೆ ಅರ್ಜಿ ಕರೆದದ್ದು 2025ರ ಆಗಸ್ಟ್ ಕೊನೆಗೆ, ಬಾಗಿಲು ಮುಚ್ಚಿದ್ದು ಅಕ್ಟೋಬರ್‌ನಲ್ಲಿ. ಪ್ರತಿ ವರ್ಷವೂ ಹೆಚ್ಚುಕಡಿಮೆ ಇದೇ ಲೆಕ್ಕ. ಅಂದರೆ ಜೋಕುಮಾರ ಹುಣ್ಣಿಮೆ, ದಸರಾ ಹೊತ್ತಿಗೆ ಅರ್ಜಿ ಹಾಕಿ ಮುಗಿಸಿರಬೇಕು.

ಬಿ.ಇ. ಮೂರನೇ ವರ್ಷದಲ್ಲಿ ಓದುತ್ತಿರುವವರೂ ಗೇಟ್ ಬರೆಯಬಹುದು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿ ಮೂಲಕ ಬಂದವರಿಗೂ ಅಷ್ಟೇ, ಮೂರನೇ ವರ್ಷಕ್ಕೆ ಬಂದರೆ ಸಾಕು. ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬರೆಯಬೇಕೆಂಬ ಮಿತಿಯೂ ಇಲ್ಲ. ಪದವಿಯಲ್ಲಿ ಇಷ್ಟೇ ಅಂಕ ಇರಬೇಕೆಂಬ ಷರತ್ತೂ ಇಲ್ಲ. ಫಲಿತಾಂಶ ಬಂದ ದಿನದಿಂದ ಮೂರು ವರ್ಷ ಸ್ಕೋರ್ ಚಾಲ್ತಿಯಲ್ಲಿರುತ್ತದೆ.

ಇವೆರಡನ್ನೂ ಸೇರಿಸಿ ನೋಡಿದರೆ ಒಂದು ಅನುಕೂಲ ಕಾಣುತ್ತದೆ. ಐದನೇ ಸೆಮಿಸ್ಟರ್‌ನಲ್ಲಿ ಅರ್ಜಿ ಹಾಕಿ ಮೂರನೇ ವರ್ಷದ ಫೆಬ್ರವರಿಯಲ್ಲಿ ಬರೆದರೆ, ಆ ಸ್ಕೋರ್ ಪದವಿ ಮುಗಿಸಿ ಎಂ.ಟೆಕ್ ಸೇರುವ ಹೊತ್ತಿಗೂ ಜೀವಂತ ಇರುತ್ತದೆ. ಮೊದಲ ಸಲ ಅಂಕ ಕಡಿಮೆ ಬಂದರೆ ಮರುವರ್ಷ ಮತ್ತೊಂದು ಅವಕಾಶ. ಅಂತಿಮ ವರ್ಷದಲ್ಲಿ ಪ್ರಾಜೆಕ್ಟ್, ಇಂಟರ್ನ್‌ಶಿಪ್, ಪ್ಲೇಸ್‌ಮೆಂಟ್ ಎಲ್ಲ ಒಂದೇ ಸಲ ಮೈಮೇಲೆ ಬರುವಾಗ, ಹಿಂದಿನ ವರ್ಷದ ಒಂದು ಸ್ಕೋರ್ ಕೈಯಲ್ಲಿದ್ದರೆ ಧೈರ್ಯ ಬೇರೆಯೇ.

ಆದರೆ ಬರೆಯಲು ಅರ್ಹತೆ ಇದ್ದ ಮಾತ್ರಕ್ಕೆ ಸೀಟಿಗೆ ಅರ್ಹತೆ ಬಂತು ಅಂತಲ್ಲ. ಸುರತ್ಕಲ್ ಸೇರಿದಂತೆ ಎನ್‌ಐಟಿಗಳ ಎಂ.ಟೆಕ್ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್‌ನಲ್ಲಿ ಸಾಮಾನ್ಯ, ಒಬಿಸಿ, ಇಡಬ್ಲ್ಯುಎಸ್ ಅಭ್ಯರ್ಥಿಗಳಿಗೆ ಪದವಿಯಲ್ಲಿ ಶೇ 60 ಅಥವಾ 6.5 ಸಿಜಿಪಿಎ, ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಶೇ 55 ಅಥವಾ 6.0 ಸಿಜಿಪಿಎ ಬೇಕು. ಗೇಟ್ ನೆಪದಲ್ಲಿ ಸೆಮಿಸ್ಟರ್ ಪರೀಕ್ಷೆ ಕೈಬಿಟ್ಟು ಬ್ಯಾಕ್‌ಲಾಗ್ ಮಾಡಿಕೊಂಡರೆ ಒಳ್ಳೆಯ ಸ್ಕೋರ್ ಬಂದರೂ ಪ್ರಯೋಜನವಿಲ್ಲ.

ಪಿಜಿಸಿಇಟಿ ಲೆಕ್ಕ ಬೇರೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ನಡೆಸುವ ಪಿಜಿಸಿಇಟಿಗೆ ಬಿ.ಇ.ಯಲ್ಲಿ ಒಟ್ಟು ಶೇ 50 ಅಂಕ ಬೇಕು. ಎಸ್‌ಸಿ, ಎಸ್‌ಟಿ, ಪ್ರವರ್ಗ-1ರವರಿಗೆ ಶೇ 45. ಪರೀಕ್ಷೆ 2 ಗಂಟೆ, 100 ಅಂಕ, ನೆಗೆಟಿವ್ ಅಂಕ ಇಲ್ಲ. ರಾಜ್ಯದ ಕಾಲೇಜುಗಳ ಎಂ.ಟೆಕ್ ಸೀಟು ಹಂಚುವಾಗ ಗೇಟ್ ಅರ್ಹತೆ ಪಡೆದವರಿಗೆ ಮೊದಲ ಆದ್ಯತೆ, ಪಿಜಿಸಿಇಟಿ ರ‍್ಯಾಂಕಿನವರು ಅವರ ನಂತರ. ಗೇಟ್ ಅರ್ಹತೆ ಇದ್ದರೂ ಕೆಇಎ ಕೌನ್ಸೆಲಿಂಗ್‌ಗೆ ಬೇರೆಯಾಗಿ ನೋಂದಣಿ ಮಾಡಿಕೊಳ್ಳಬೇಕು ಎಂಬುದನ್ನು ಮರೆಯುವಂತಿಲ್ಲ.

ಹಣದ ಪ್ರಶ್ನೆ ಇಲ್ಲೇ ಏಳುತ್ತದೆ. ಎಐಸಿಟಿಇ ಮಾನ್ಯತೆ ಇರುವ ಕಾಲೇಜಿನಲ್ಲಿ ಪೂರ್ಣಾವಧಿ ಎಂ.ಟೆಕ್ ಓದುವ, ಗೇಟ್ ಅರ್ಹತೆ ಇರುವ ವಿದ್ಯಾರ್ಥಿಗೆ ತಿಂಗಳಿಗೆ 12,400 ರೂಪಾಯಿಯಂತೆ 24 ತಿಂಗಳವರೆಗೆ ಶಿಷ್ಯವೇತನ ಸಿಗುತ್ತದೆ. ಒಟ್ಟು 2,97,600 ರೂಪಾಯಿ. ಅದೇ ತರಗತಿಯಲ್ಲಿ, ಅದೇ ಬೆಂಚಿನಲ್ಲಿ ಕೂತ, ಪಿಜಿಸಿಇಟಿ ಮೂಲಕವಷ್ಟೇ ಬಂದ ವಿದ್ಯಾರ್ಥಿಗೆ ಈ ಹಣ ಇಲ್ಲ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿವೇತನ ಇರಬಹುದು, ಆದರೆ ಅದು ಬೇರೆ ಲೆಕ್ಕ.

ರಾಜ್ಯದಲ್ಲಿ ಎಂ.ಟೆಕ್ ಸೀಟುಗಳು ಖಾಲಿ ಉಳಿಯುವುದು ಹೊಸ ಸುದ್ದಿಯೇನಲ್ಲ. ಹೀಗಾಗಿ ‘ಸೀಟು ಸಿಗುತ್ತಾ’ ಎಂಬುದು ಈಗ ದೊಡ್ಡ ಪ್ರಶ್ನೆಯಲ್ಲ. ಯಾವ ಕಾಲೇಜಿನಲ್ಲಿ, ಮನೆಯವರ ಮೇಲೆ ಎಷ್ಟು ಭಾರ ಹಾಕಿ ಎಂಬುದೇ ಪ್ರಶ್ನೆ. ಮಳೆ ನಂಬಿದ ಕುಷ್ಟಗಿ, ಯಲಬುರ್ಗಾದ ಕುಟುಂಬಕ್ಕೆ ನಾಲ್ಕು ವರ್ಷ ಬಿ.ಇ. ಓದಿಸಿದ ಮೇಲೆ ಇನ್ನೆರಡು ವರ್ಷ ಹಾಸ್ಟೆಲ್, ಫೀ ಅಂದರೆ ಸಣ್ಣ ಮಾತಲ್ಲ. ಮಗಳ ವಿಷಯದಲ್ಲಿ ಎಷ್ಟೋ ಕಡೆ ‘ಓದಿದ್ದು ಸಾಕು’ ಅನ್ನುವ ತೀರ್ಮಾನ ಬರುವುದೂ ಇಲ್ಲೇ. ತಿಂಗಳ ಖರ್ಚನ್ನು ವಿದ್ಯಾರ್ಥಿನಿಯೇ ದುಡಿದುಕೊಳ್ಳುವಂತಾದರೆ ಆ ಮಾತಿನ ದಿಕ್ಕೇ ಬದಲಾಗುತ್ತದೆ.

371(ಜೆ) ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳ ದೊಡ್ಡ ಬಲ ಸಂವಿಧಾನದ 371(ಜೆ) ವಿಧಿ. 2013ರ ಪ್ರವೇಶ ಆದೇಶದ ಪ್ರಕಾರ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಸ್ಥಳೀಯರಿಗೆ ಮೀಸಲು. ಪಿಜಿಸಿಇಟಿ ಕೌನ್ಸೆಲಿಂಗ್‌ನಲ್ಲಿ ಈ ಮೀಸಲಾತಿ ಕೇಳಬಹುದು. ಬಿ.ಇ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಓದಿದ್ದರೂ, ಮೂಲ ಈ ಜಿಲ್ಲೆಯದಾಗಿದ್ದು ಅರ್ಹತಾ ಪ್ರಮಾಣಪತ್ರ ಇದ್ದರೆ ಸಾಕು. ಅದನ್ನು ಕೊಡುವವರು ಉಪವಿಭಾಗಾಧಿಕಾರಿ.

ಆದರೆ ಗೇಟ್‌ನಲ್ಲಿ, ಐಐಟಿ, ಎನ್‌ಐಟಿ ಪ್ರವೇಶದಲ್ಲಿ 371(ಜೆ) ನಡೆಯುವುದಿಲ್ಲ. ಪಕ್ಕದ ಧಾರವಾಡದ ಐಐಟಿಯೂ ಇದಕ್ಕೆ ಹೊರತಲ್ಲ. ಅಲ್ಲಿ ನಡೆಯುವುದು ಕೇಂದ್ರದ ಮೀಸಲಾತಿ. ಇದೇ ಕಾರಣಕ್ಕೆ ಜಾತಿ ಪ್ರಮಾಣಪತ್ರದಲ್ಲೂ ಗೊಂದಲ ಶುರುವಾಗುತ್ತದೆ. ರಾಜ್ಯದ 2ಎ, 2ಬಿ, 3ಎ, 3ಬಿ ಎಂಬ ವರ್ಗಗಳು ಕೇಂದ್ರದ ಲೆಕ್ಕದಲ್ಲಿ ಇಲ್ಲ. ಅಲ್ಲಿ ಒಬಿಸಿ-ಎನ್‌ಸಿಎಲ್ ಎಂಬ ಒಂದೇ ವರ್ಗ, ಅದಕ್ಕೆ ಕೇಂದ್ರದ ಪಟ್ಟಿಯೇ ಬೇರೆ, ಪ್ರಮಾಣಪತ್ರದ ನಮೂನೆಯೇ ಬೇರೆ. ಕುರುಬ ಸಮುದಾಯ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆ. ರಾಜ್ಯದಲ್ಲಿ 3ಬಿ ಇರುವ ವೀರಶೈವ ಲಿಂಗಾಯತ ಸಮುದಾಯ ಒಟ್ಟಾಗಿ ಆ ಪಟ್ಟಿಯಲ್ಲಿಲ್ಲ, ಕೆಲವು ಉಪಪಂಗಡಗಳಷ್ಟೇ ಇವೆ. ಊರಿನ ನಾಡಕಚೇರಿಯಲ್ಲಿ ಪಡೆದ ಹಳೆಯ ಪ್ರಮಾಣಪತ್ರ ಇದೆ ಎಂದು ನಿಶ್ಚಿಂತೆಯಿಂದ ಕೂರುವಂತಿಲ್ಲ.

ಕೇಂದ್ರದ ಪಟ್ಟಿಯಲ್ಲಿ ಇಲ್ಲದವರಿಗೆ ಉಳಿಯುವುದು ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದವರ ಶೇ 10 ಮೀಸಲಾತಿ. ಅದಕ್ಕೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು, ಜೊತೆಗೆ ಕೃಷಿ ಜಮೀನು 5 ಎಕರೆಯೊಳಗೆ ಇರಬೇಕು. ಈ 5 ಎಕರೆ ನಿಯಮ ನೀರಾವರಿ, ಒಣಬೇಸಾಯ ಎಂದು ಭೇದ ಮಾಡುವುದಿಲ್ಲ. ಗಂಗಾವತಿಯಲ್ಲಿ ಕಾಲುವೆ ನೀರಿನ 4 ಎಕರೆ ಗದ್ದೆಯಲ್ಲಿ ಎರಡು ಬೆಳೆ ಭತ್ತ ತೆಗೆಯುವ ಮನೆ ಆದಾಯ ಮಿತಿಯೊಳಗಿದ್ದರೆ ಅರ್ಹ. ಕುಷ್ಟಗಿಯಲ್ಲಿ 8 ಎಕರೆ ಮಸಾರಿ ಹೊಲದಲ್ಲಿ ಸಜ್ಜೆ ಬಿತ್ತಿ ಮುಗಿಲು ನೋಡುವ ಮನೆ ಅನರ್ಹ. ಒಂದೇ ಜಿಲ್ಲೆಯೊಳಗೆ ಆಗುವ ಈ ವ್ಯತ್ಯಾಸದ ಬಗ್ಗೆ ಜನಪ್ರತಿನಿಧಿಗಳು ದನಿ ಎತ್ತಿದ್ದು ಕಡಿಮೆ.

ಗೇಟ್ ಅರ್ಜಿ ಶುಲ್ಕದಲ್ಲೂ ಇದೇ ಕಥೆ. 2026ರಲ್ಲಿ ಒಂದು ವಿಷಯಕ್ಕೆ ಮಹಿಳೆಯರು, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 1,000 ರೂಪಾಯಿ, ಉಳಿದ ಎಲ್ಲರಿಗೂ 2,000 ರೂಪಾಯಿ. ಒಬಿಸಿ ಹುಡುಗರಿಗೆ ರಿಯಾಯಿತಿ ಇಲ್ಲ. ಕೊನೆಯ ದಿನ ದಾಟಿದರೆ ಮೇಲೆ 500 ರೂಪಾಯಿ ದಂಡ.

28 ಅಂಕದ ಲೆಕ್ಕ

ಗೇಟ್ ಪ್ರಶ್ನೆಪತ್ರಿಕೆಯಲ್ಲಿ 65 ಪ್ರಶ್ನೆ, 100 ಅಂಕ, 3 ಗಂಟೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಹೀಗೆ ದೊಡ್ಡ ಶಾಖೆಗಳಲ್ಲಿ ಜನರಲ್ ಆ್ಯಪ್ಟಿಟ್ಯೂಡ್‌ಗೆ 15, ಗಣಿತಕ್ಕೆ ಸುಮಾರು 13 ಅಂಕ. ಅಂದರೆ 28 ಅಂಕ ಕೋರ್ ವಿಷಯದ ಹೊರಗಿನದ್ದು. ಇದಕ್ಕೆ ಲ್ಯಾಬ್ ಬೇಡ, ದೊಡ್ಡ ಕಾಲೇಜು ಬೇಡ.

ಸಾಮಾನ್ಯ ವರ್ಗದ ಅರ್ಹತಾ ಅಂಕ 25ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಈ ಶಾಖೆಗಳಲ್ಲಿ ಇತ್ತೀಚೆಗೆ ಅದು ಹೆಚ್ಚಾಗಿ 25ರಿಂದ 36ರ ನಡುವೆ ಇದೆ. ಒಬಿಸಿ-ಎನ್‌ಸಿಎಲ್‌ಗೆ ಅದರ ಶೇ 90, ಎಸ್‌ಸಿ, ಎಸ್‌ಟಿಗೆ ಮೂರರಲ್ಲಿ ಎರಡು ಪಾಲು. ಆ 28ರಲ್ಲಿ 18, 20 ತೆಗೆದರೆ ಅರ್ಹತೆಗೆ ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿದಂತೆ. ಐಐಟಿಯ ಸೀಟಿಗೆ ಇಷ್ಟು ಸಾಲದು, ಅಲ್ಲಿ ರ‍್ಯಾಂಕ್ ಬೇಕು. ಆದರೆ ಶಿಷ್ಯವೇತನಕ್ಕೆ ಬೇಕಾದದ್ದು ಅರ್ಹತೆ. ಕಲಬುರಗಿಯ ಪಿಡಿಎ ಕಾಲೇಜಿನಲ್ಲೋ ಅಲ್ಲೇ ಇರುವ ವಿಟಿಯು ಸ್ನಾತಕೋತ್ತರ ಕೇಂದ್ರದಲ್ಲೋ ಓದಬಯಸುವವರಿಗೂ ಗೇಟ್ ಬರೆಯುವುದು ವ್ಯರ್ಥ ಅಲ್ಲ ಎನ್ನುವುದು ಈ ಕಾರಣಕ್ಕೆ.

ತಯಾರಿಯಲ್ಲಿ ನಮ್ಮ ಮಕ್ಕಳಿಗೆ ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ಪರೀಕ್ಷೆಯ ಸ್ವರೂಪ. ವಿಟಿಯು ಪರೀಕ್ಷೆಯಲ್ಲಿ ಹಂತಹಂತಕ್ಕೂ ಅಂಕ ಇದೆ, ಕೊನೆಯ ಉತ್ತರ ತಪ್ಪಿದರೂ ಏನೋ ಸಿಗುತ್ತದೆ. ಗೇಟ್‌ನಲ್ಲಿ ಉತ್ತರದ ಸಂಖ್ಯೆಯನ್ನೇ ಟೈಪ್ ಮಾಡುವ ಪ್ರಶ್ನೆಗಳಿವೆ. ದಶಮಾಂಶ ತಪ್ಪಿದರೆ ಸೊನ್ನೆ. ಬಹು ಆಯ್ಕೆ ಪ್ರಶ್ನೆಯಲ್ಲಿ 1 ಅಂಕದ್ದು ತಪ್ಪಾದರೆ ಮೂರನೇ ಒಂದು ಅಂಕ, 2 ಅಂಕದ್ದು ತಪ್ಪಾದರೆ ಮೂರನೇ ಎರಡು ಅಂಕ ಕಡಿತ. ಸಂಖ್ಯೆ ಟೈಪ್ ಮಾಡುವ ಹಾಗೂ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಪ್ರಶ್ನೆಗಳಿಗೆ ಕಡಿತ ಇಲ್ಲ. ಜೇಬಿನ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ, ಕಂಪ್ಯೂಟರ್ ಪರದೆಯ ಮೇಲಿನ ಕ್ಯಾಲ್ಕುಲೇಟರನ್ನೇ ಮೌಸ್ ಹಿಡಿದು ಬಳಸಬೇಕು. ಮೊದಲೇ ರೂಢಿ ಇಲ್ಲದಿದ್ದರೆ ಅದರಲ್ಲೇ ಸಮಯ ಹೋಗುತ್ತದೆ.

ಎರಡನೆಯದು ಭಾಷೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕೋರ್ ವಿಷಯ ಕಷ್ಟವಾಗದು, ಆ್ಯಪ್ಟಿಟ್ಯೂಡ್‌ನ ಇಂಗ್ಲಿಷ್ ವ್ಯಾಕರಣ, ಪ್ಯಾರಾ ಓದಿ ತರ್ಕ ಮಾಡುವ ಪ್ರಶ್ನೆ ತೊಡಕಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ ಅರ್ಥ ಬಿಡಿಸಿಕೊಳ್ಳುವ ಅಭ್ಯಾಸವನ್ನು ಮೂರನೇ ವರ್ಷದಲ್ಲೇ ಹಚ್ಚಿಕೊಂಡರೆ ಈ ತೊಡಕು ದಾಟಬಹುದು.

ಇದಕ್ಕೆಲ್ಲ ಬೆಂಗಳೂರಿಗೆ ಹೋಗಿ ಲಕ್ಷ ಲಕ್ಷ ಸುರಿದು ಕೋಚಿಂಗ್ ಸೇರಲೇಬೇಕು ಅಂತೇನಿಲ್ಲ. ಐಐಟಿ ಹಾಗೂ ಐಐಎಸ್ಸಿ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿವೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಗೇಟ್‌ನ ಅಧಿಕೃತ ಜಾಲತಾಣದಲ್ಲೇ ಸಿಗುತ್ತವೆ. ಮೊದಲು ಸಿಲಬಸ್ ಮುದ್ರಿಸಿಕೊಂಡು, ವಿಟಿಯುನಲ್ಲಿ ಆಗಲೇ ಓದಿದ ಭಾಗಕ್ಕೆ ಗುರುತು ಹಾಕಬೇಕು. ಗಣಿತದ ಬಹುಭಾಗ ಮೊದಲ ನಾಲ್ಕು ಸೆಮಿಸ್ಟರ್‌ನಲ್ಲೇ ಮುಗಿದಿರುತ್ತದೆ. ಐದನೇ ಸೆಮಿಸ್ಟರ್‌ನಲ್ಲಿ ಗಣಿತ, ಆ್ಯಪ್ಟಿಟ್ಯೂಡ್ ಹಾಗೂ ಎರಡು ಕೋರ್ ವಿಷಯ ಗಟ್ಟಿ ಮಾಡಿ, ಉಳಿದದ್ದನ್ನು ಮರುವರ್ಷಕ್ಕೆ ಇಟ್ಟುಕೊಳ್ಳುವುದು ನಡೆಯುವ ಯೋಜನೆ. ಎಲ್ಲವನ್ನೂ ಒಂದೇ ಸಲ ಓದಲು ಹೊರಟವರು ಡಿಸೆಂಬರ್‌ಗೆ ಕೈಚೆಲ್ಲುತ್ತಾರೆ.

ಹಿಂದಿನ ರಾತ್ರಿಯೇ ಹೊರಡಬೇಕು

ಪರೀಕ್ಷೆ ಬೆಳಗ್ಗೆ 9.30 ಮತ್ತು ಮಧ್ಯಾಹ್ನ 2.30ರ ಎರಡು ಪಾಳಿಯಲ್ಲಿ ನಡೆಯುತ್ತದೆ. ಯಾವ ಪಾಳಿ ಎಂಬುದನ್ನು ಅಭ್ಯರ್ಥಿ ಆರಿಸುವಂತಿಲ್ಲ. ಕೊಪ್ಪಳ, ಗಂಗಾವತಿ ಕಡೆಯವರಿಗೆ ಹುಬ್ಬಳ್ಳಿ ಕೇಂದ್ರ ರೈಲಿನಲ್ಲಿ ಸುಲಭ. ಕುಷ್ಟಗಿಗೂ 2025ರ ಮೇ 15ರಂದು ಮೊದಲ ರೈಲು ಬಂದಿದ್ದು, ಯಲಬುರ್ಗಾ, ಕುಕನೂರು, ತಳಕಲ್ ಮೇಲೆ ಹುಬ್ಬಳ್ಳಿಗೆ ದಾರಿಯಾಗಿದೆ. ಆದರೂ ಬೆಳಗಿನ ಪಾಳಿ ಬಿದ್ದರೆ ಅದೇ ದಿನ ಹೊರಟು ಮುಟ್ಟುವ ಸಾಹಸ ಬೇಡ. ಹಿಂದಿನ ದಿನವೇ ಹೋಗಿ ಉಳಿಯುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಸಣ್ಣ ವಿಷಯ ದೊಡ್ಡ ತಲೆನೋವು ತರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮನೆತನದ ಹೆಸರು ಹೀಗೆ ಒಬ್ಬರಿಗೇ ಮೂರು ಹೆಸರು ಇರುವುದು ನಮ್ಮ ಕಡೆ ಸಾಮಾನ್ಯ. ಅರ್ಜಿಯಲ್ಲಿನ ಹೆಸರು ಗುರುತಿನ ಚೀಟಿಯ ಜೊತೆ ಹೊಂದಬೇಕು, ಶಿಷ್ಯವೇತನ ಬರುವ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಇದನ್ನು ಬೇಸಿಗೆ ರಜೆಯಲ್ಲೇ ಸರಿ ಮಾಡಿಸಿಕೊಂಡರೆ ಒಳ್ಳೆಯದು.

ಕಾಲೇಜುಗಳ ಪಾಲು

ತಳಕಲ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದ ಮೇಲೆ ಮನೆ ಹತ್ತಿರವೇ ಬಿ.ಇ. ಓದುವ ಅವಕಾಶ ಜಿಲ್ಲೆಗೆ ಸಿಕ್ಕಿದೆ. ಅಂಥ ಕಾಲೇಜುಗಳಿಂದ ಈಗ ಬೇಕಿರುವುದು ಹೊಸ ಕಟ್ಟಡವೇನಲ್ಲ. ಆಗಸ್ಟ್‌ನಲ್ಲಿ ಮೂರನೇ ವರ್ಷದವರನ್ನು ಕೂರಿಸಿ ಒಂದು ದಿನ ಅರ್ಹತೆ, ಪ್ರಮಾಣಪತ್ರ, ಶುಲ್ಕದ ಬಗ್ಗೆ ಹೇಳುವುದು, ಕಂಪ್ಯೂಟರ್ ಲ್ಯಾಬನ್ನು ವಾರಕ್ಕೊಂದು ಸಂಜೆ ಅಣಕು ಪರೀಕ್ಷೆಗೆ ಬಿಟ್ಟುಕೊಡುವುದು, ಅರ್ಹತೆ ಪಡೆದ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ ಮಾತಾಡಿಸುವುದು. ಇಷ್ಟಕ್ಕೆ ಸರ್ಕಾರದ ವಿಶೇಷ ಅನುದಾನ ಬೇಕಿಲ್ಲ. ಜಿಲ್ಲಾಡಳಿತ ಕೂಡ ಕೇಂದ್ರ ನಮೂನೆಯ ಒಬಿಸಿ, ಇಡಬ್ಲ್ಯುಎಸ್ ಹಾಗೂ 371(ಜೆ) ಪ್ರಮಾಣಪತ್ರಕ್ಕಾಗಿ ಜೂನ್, ಜುಲೈನಲ್ಲಿ ಕಾಲೇಜಿನಲ್ಲೇ ಶಿಬಿರ ನಡೆಸಿದರೆ ವಿದ್ಯಾರ್ಥಿಗಳ ಅಲೆದಾಟ ತಪ್ಪುತ್ತದೆ.

ಎಂ.ಟೆಕ್ ಎಲ್ಲರಿಗೂ ಬೇಕೇ ಬೇಕು ಅಂತಲ್ಲ. ಕೆಲಸ ಸಿಕ್ಕವರು ಕೆಲಸಕ್ಕೆ ಹೋಗಲಿ. ಆದರೆ ಮುಂದೆ ಓದುವ ಆಸೆ ಇರುವವರು ಮಾಹಿತಿ ಸಿಗದೆ ತಪ್ಪಿಸಿಕೊಳ್ಳಬಾರದು. 371(ಜೆ) ಸೀಟು ಹತ್ತಿರ ತರುತ್ತದೆ, ಆ ಸೀಟಿನಲ್ಲಿ ಎರಡು ವರ್ಷ ಮನೆಗೆ ಭಾರವಾಗದೆ ಕೂತು ಓದುವ ಶಕ್ತಿಯನ್ನು ಗೇಟ್ ಕೊಡುತ್ತದೆ. ಐದನೇ ಸೆಮಿಸ್ಟರ್‌ಗೆ ಕಾಲಿಡುತ್ತಿರುವವರು ಆಗಸ್ಟ್ ಕೊನೆಯ ವಾರವನ್ನು ಈಗಲೇ ಗುರುತು ಹಾಕಿಟ್ಟುಕೊಳ್ಳುವುದು ಲೇಸು.