ಹೊಸ ಲ್ಯಾಪ್‌ಟಾಪ್‌ಗೆ ಸಾಲ ಮಾಡುವ ಮೊದಲು ಡಿಸ್ಕ್ ನೋಡಿ

ಮಕ್ಕಳ ಲ್ಯಾಪ್‌ಟಾಪ್ ಆನ್ ಆಗಲು ಐದು ನಿಮಿಷ ಹಿಡಿದರೆ ಸಾಕು, ಮನೆಯಲ್ಲಿ ಹೊಸದರ ಮಾತು ಶುರುವಾಗುತ್ತದೆ. ಸಾಲ ಮಾಡಬೇಡಿ, ಮೊದಲು ಅದರ ಡಿಸ್ಕ್ ಯಾವುದೆಂದು ನೋಡಿ.

ಬಳಗಾನೂರು ಸೀಮೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತು. ಡ್ಯಾಂ ತುಂಬಿದ್ದರೂ ಉಪಕಾಲುವೆಯಲ್ಲಿ ನೀರು ಹರಿಯದಿದ್ದರೆ ಕೊನೆ ಭಾಗದ ಗದ್ದೆ ಒಣಗುತ್ತದೆ. ಪ್ರೊಸೆಸರ್ ಎಷ್ಟೇ ಜೋರಿದ್ದರೂ ಡಿಸ್ಕ್ ನಿಧಾನವಾದರೆ ಅದೇ ಕಥೆ.

ಲ್ಯಾಪ್‌ಟಾಪ್‌ಗಳ ಹಳೇ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಓದುವ ವೇಗ ಸೆಕೆಂಡಿಗೆ ಸುಮಾರು 100 ಎಂಬಿ. ತಿರುಗುವ ಭಾಗವೇ ಇಲ್ಲದ ಸಾಟಾ ಎಸ್‌ಎಸ್‌ಡಿಯದು ಸುಮಾರು 500 ಎಂಬಿ. ಸಾವಿರಾರು ಸಣ್ಣ ಫೈಲ್ ಹುಡುಕುವಾಗ ಈ ಅಂತರ ಇನ್ನೂ ದೊಡ್ಡದು. ವಿಂಡೋಸ್ ಶುರುವಾಗುವಾಗ ನಡೆಯುವುದು ಇದೇ ಕೆಲಸ. ರ‍್ಯಾಮ್ ಸಾಲದಿದ್ದರೆ ಆ ಭಾರವೂ ಡಿಸ್ಕ್ ಮೇಲೆಯೇ ಬೀಳುತ್ತದೆ.

ಸಿಂಧನೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ‘1 ಟಿಬಿ ಇದೆ’ ಎಂಬ ಮಾತಿಗೆ ಮರುಳಾಗಬಾರದು. ಅದು ಗೋದಾಮಿನ ಅಳತೆ, ವೇಗವಲ್ಲ. ‘ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ? ರ‍್ಯಾಮ್ ಎಷ್ಟು?’ ಎಂದು ಕೇಳಿ.

ಅರ್ಜಿ ಹಾಕಲು, ನೋಟ್ಸ್ ಬರೆಯಲು 256 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಸಾಕು. ಡಿಸ್ಕ್ ಬದಲಿಸುವ ಮುನ್ನ ಫೋಟೊ, ಮಾರ್ಕ್ಸ್ ಕಾರ್ಡ್ ಬೇರೆಡೆ ಕಾಪಿ ಮಾಡಿಕೊಳ್ಳಿ. ಉಳಿದ ದುಡ್ಡು ಮಕ್ಕಳ ಫೀಸಿಗಾಗುತ್ತದೆ.