ಸಬರ್ ಹೇಳುವ ಮುಂಚೆ ರಕ್ಷಣೆ ಕೊಡೋಣ

ಕೆಲಸ, ವ್ಯಾಪಾರ ಎಂದು ಕರಾವಳಿಯಿಂದ ಬಂದು ಹೆಬ್ಬಾಳ, ಆರ್.ಟಿ. ನಗರ, ಯಲಹಂಕ, ಯಶವಂತಪುರ ಕಡೆ ನೆಲೆಸಿರುವ ಬ್ಯಾರಿ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಊರಲ್ಲಾದರೆ ಗಂಡ ಕೈ ಎತ್ತಿದ ಸುದ್ದಿ ಸಂಜೆಯೊಳಗೆ ಹುಡುಗಿಯ ಬಾಪನ ಕಿವಿಗೆ ಬೀಳುತ್ತದೆ, ಅಣ್ಣಂದಿರು ಬಂದು ಕೇಳುತ್ತಾರೆ. ಇಲ್ಲಿ ಬಾಡಿಗೆ ಮನೆಯ ಬಾಗಿಲು ಮುಚ್ಚಿದರೆ ಮುಗಿಯಿತು. ತವರು ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ಫೋನ್ ಮಾಡಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: 'ಸಬರ್ ಮಾಡು ಮಗಳೇ.'

ಸಬರ್ ದೊಡ್ಡ ಗುಣ, ಮದ್ರಸದಲ್ಲಿ ಅದನ್ನು ಕಲಿಸುವವರೇ ನಾವು. ಆದರೆ ಪೆಟ್ಟು ತಿನ್ನುವವಳಿಗೆ ಸಬರ್ ಹೇಳಿ, ಹೊಡೆಯುವವನಿಗೆ ಏನೂ ಹೇಳದಿರುವುದು ದೀನ್ ಅಲ್ಲ. ಪ್ರವಾದಿ(ಸ) ಯಾವ ಹೆಣ್ಣಿನ ಮೇಲೂ ಕೈ ಮಾಡಿದವರಲ್ಲ ಎಂದು ಆಯಿಷಾ ಬೀವಿ(ರ) ತಿಳಿಸಿದ್ದಾರೆ. ಹಬೀಬ ಬಿಂತ್ ಸಹ್ಲ್(ರ) ಮುಂಜಾನೆಯ ಕತ್ತಲಲ್ಲಿ ಪ್ರವಾದಿಯವರ ಬಾಗಿಲಿಗೆ ಬಂದು, ಪತಿಯ ಜೊತೆ ಇನ್ನು ಬಾಳಲಾರೆ ಎಂದಾಗ, ಅವರನ್ನು ಗದರಿಸಿ ವಾಪಸ್ ಕಳಿಸಲಿಲ್ಲ. ಮಹರ್ ಮರಳಿಸಿ ಬಿಡುಗಡೆ ಮಾಡಿಸಿದರು.

ಸುಲ್ಹ್ ಮಾಡಿಸುವುದು ಜಮಾಅತಿನ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಎರಡೂ ಮನೆಯವರಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಅನ್ನಿಸಾ ಸೂರದ 35ನೇ ಆಯತ್ ತಿಳಿಸುತ್ತದೆ. ಆದರೆ ರಾತ್ರಿ ಅದೇ ಮನೆಗೆ ಮರಳಬೇಕಾದವಳು ಹತ್ತು ಜನರ ಮುಂದೆ ಬಾಯಿ ಬಿಡುವುದು ಹೇಗೆ? ಮೊದಲು ಜೀವಕ್ಕೆ ರಕ್ಷಣೆ, ಆಮೇಲೆ ಸುಲ್ಹ್.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯ. ಇದರಡಿ ಅರ್ಜಿ ಹಾಕಿದರೆ ತಲಾಖ್ ಆಗಲೇಬೇಕೆಂದಿಲ್ಲ. ಹಿಂಸೆ ನಿಲ್ಲಿಸುವಂತೆ ಕೋರ್ಟ್ ಆದೇಶ ಕೊಡಬಹುದು. ಆ ಆದೇಶ ಮುರಿದರೆ ಶಿಕ್ಷೆ. ಮನೆ ಗಂಡನ ಹೆಸರಲ್ಲಿದ್ದರೂ, ಬಾಡಿಗೆಯದ್ದಾದರೂ ಕಾನೂನು ಕ್ರಮವಿಲ್ಲದೆ ಆಕೆಯನ್ನು ಹೊರಗೆ ಹಾಕುವಂತಿಲ್ಲ. ನೆರೆಮನೆಯವರೂ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟವರ ಮೇಲೆ ಕೇಸ್ ಬೀಳುವುದಿಲ್ಲ.

ನಮ್ಮ ರಾಜ್ಯದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒಗಳೇ ಈ ಕಾಯ್ದೆಯ ರಕ್ಷಣಾಧಿಕಾರಿಗಳು. ಅವರ ಕಚೇರಿ ಎಲ್ಲಿದೆ ಎಂದು ಪಕ್ಕದ ಅಂಗನವಾಡಿ ಟೀಚರನ್ನು ಕೇಳಿದರೆ ಸಾಕು. ಮಹಿಳಾ ಸಹಾಯವಾಣಿ 181, ತುರ್ತು ಪೊಲೀಸ್ ನೆರವಿಗೆ 112. 'ಸಖಿ' ಕೇಂದ್ರದಲ್ಲಿ ಚಿಕಿತ್ಸೆ, ಸಮಾಲೋಚನೆ, ಕೆಲವು ದಿನಗಳ ಆಸರೆ ಸಿಗುತ್ತದೆ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೆಂದು ಕೇಳುವುದಿಲ್ಲ.

ಜಮಾಅತ್ ಕಮಿಟಿಗಳು ಇಷ್ಟು ಮಾಡಲಿ: ಈ ನಂಬರುಗಳನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಮಾತ್ರವಲ್ಲ, ಹೆಂಗಸರ ಕ್ಲಾಸ್ ನಡೆಯುವಲ್ಲಿಯೂ ಅಂಟಿಸಲಿ. ದೂರು ಕೇಳಲು, ಆಕೆಯ ಜೊತೆ ಕಚೇರಿಗೆ ಹೋಗಲು ಇಬ್ಬರು ಹಿರಿಯ ಹೆಂಗಸರನ್ನು ಗೊತ್ತು ಮಾಡಲಿ. ಜುಮಾ ಖುತ್ಬಾದ ಮುಂಚಿನ ಭಾಷಣದಲ್ಲಿ ಖತೀಬರು ಗಂಡಸರಿಗೂ ನಾಲ್ಕು ಮಾತು ಹೇಳಲಿ.

ಮರ್ಯಾದೆಯ ಮಾತೆತ್ತುವವರಿಗೆ ಒಂದೇ ಪ್ರಶ್ನೆ. ಮಗಳು ದೂರು ಕೊಟ್ಟರೆ ಹೋಗುವ ಮರ್ಯಾದೆ, ಅವಳು ಪೆಟ್ಟು ತಿನ್ನುವಾಗ ಹೋಗಿರಲಿಲ್ಲವೇ?