ಉಂಡ ಮನೆಯ ಅಂಗಳ

ಹೆಸರಘಟ್ಟದ ಕೆರೆಯಂಗಳದಲ್ಲಿ ಕಳೆದ ಭಾನುವಾರ ಮೂರ್ನಾಲ್ಕು ಫೋರ್ ಬೈ ಫೋರ್ ಗಾಡಿಗಳು ಧೂಳೆಬ್ಬಿಸುತ್ತ ಗಿರಗಿರನೆ ಸುತ್ತುತ್ತಿದ್ದವು. ಮೇಲೆ ಡ್ರೋನ್. ಅವುಗಳಲ್ಲೊಂದು ಗಾಡಿ ಪೀಣ್ಯದ ಹತ್ತಿರದ ನಮ್ಮ ಅಪಾರ್ಟ್‌ಮೆಂಟಿನ ನೆರೆಯವರೊಬ್ಬರದೇ. ವಾರವಿಡೀ ವೈಟ್‌ಫೀಲ್ಡಿಗೆ ತೆವಳಿಕೊಂಡು ಹೋಗಿಬರುವ ಮನುಷ್ಯ, ಒಂದು ದಿನ ಓಡಿಸಿಕೊಳ್ಳಲಿ ಎಂದು ಸುಮ್ಮನಿರುತ್ತಿದ್ದೆನೇನೋ. ಆದರೆ ಟಯರಿನ ಗುರುತಿಗೆ ಒಂದು ಗೇಣು ಆಚೆ, ಬರಿನೆಲದಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆ. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಬಗ್ಗಿ ನೋಡದಿದ್ದರೆ ಕಲ್ಲೆಂದೇ ಅನ್ನಬೇಕು. ಹಕ್ಕಿ ನೆತ್ತಿಯ ಮೇಲೆ ಕಿರುಚುತ್ತಿತ್ತು. ತೋರಿಸಿದೆ. "ಖಾಲಿ ಜಾಗ ಅಲ್ವಾ ಸಾರ್, ಯಾರಿಗೇನ್ ತೊಂದ್ರೆ?" ಅಂದರು.

ಈ ಖಾಲಿ ಜಾಗದ ನೀರು ಕುಡಿದೇ ಬೆಂಗಳೂರು ದೊಡ್ಡದಾದದ್ದು. ದಂಡಿನಲ್ಲಿದ್ದ ಬ್ರಿಟಿಷರಿಗೆ 1882ರ ಸ್ಯಾಂಕಿ ಕೆರೆಯೂ ಸಾಲಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಯನ್ನು ಇಲ್ಲಿ ತಡೆದು ನಿಲ್ಲಿಸಿದರು. ನೀರು ಇಟ್ಟಿಗೆ ಕಾಲುವೆಯಲ್ಲಿ ತಾನಾಗಿ ಸೋಲದೇವನಹಳ್ಳಿಗೆ ಇಳಿದು, ಅಲ್ಲಿಂದ ಉಗಿಯಂತ್ರದ ಬಲದಲ್ಲಿ ಮೇಲೇರಿ ಊರು ಸೇರುತ್ತಿತ್ತು. ಪೇಟೆಯ ಬೀದಿನಲ್ಲಿಗೂ ಅದೇ, ದಂಡಿನ ದೊರೆಗಳ ಹೂದೋಟಕ್ಕೂ ಅದೇ. ಅದು ಸಾಲದಾದಾಗ 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಕಟ್ಟೆ. ಕಾವೇರಿ ಬಂದದ್ದು 1974ರಲ್ಲಿ. ಅಲ್ಲಿಯವರೆಗೂ ನಮ್ಮನ್ನು ಸಾಕಿದ ನದಿಗೆ ಆಮೇಲೆ ನಾವು ಕೊಟ್ಟದ್ದು ಬಡಾವಣೆ, ಬೋರ್‌ವೆಲ್, ಕಾರ್ಖಾನೆಯ ಕೊಳಕು.

ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ನಾವು ಅಷ್ಟಕ್ಕೇ ಬಿಡುವವರಲ್ಲ, ಅಂಗಳಕ್ಕೇ ಗಾಡಿ ನುಗ್ಗಿಸುತ್ತೇವೆ. ಬೇಡವೆಂದವನಿಗೆ ಅಭಿವೃದ್ಧಿವಿರೋಧಿ ಎಂಬ ಬಿರುದು ಬೇರೆ. ಪಕ್ಕದ ಹುಲ್ಲುಗಾವಲನ್ನು ಉಳಿಸಿಕೊಳ್ಳಲು ಹಕ್ಕಿ ನೋಡುವವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಮರವಿಲ್ಲದ ನೆಲವೆಂದರೆ ನಮಗೆ ಸೈಟು, ಇಲ್ಲವೇ ಮೈದಾನ. ಹಾಗಂತ ಜನ ಹೊರಗೆ ಹೋಗಲೇಬಾರದು ಅನ್ನುತ್ತಿಲ್ಲ. ಏರಿಯ ಮೇಲೆ ನಡೆಯಲಿ, ಸೈಕಲ್ ತುಳಿಯಲಿ, ಬುತ್ತಿ ಬಿಚ್ಚಿ ಉಣ್ಣಲಿ. ಇಂಜಿನ್ ಆಫ್ ಮಾಡಿದರೆ ಸಾಕು.

ನೆರೆಯವರಿಗೆ ಇದನ್ನೆಲ್ಲ ಹೇಳಿದೆ. ಪುಣ್ಯಾತ್ಮರು ಕೇಳಿಸಿಕೊಂಡರು, ಮೊಟ್ಟೆಯದೂ ಒಂದು ಫೋಟೋ ತೆಗೆದುಕೊಂಡರು. ಸೋಮವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಅವರದೇ ಮೊದಲ ದೂರು: ನೀರಿನ ಟ್ಯಾಂಕರ್ ಇನ್ನೂ ಬಂದಿಲ್ಲ, ಗಾಡಿ ತೊಳೆಸುವುದು ಹೇಗೆ?